ಒಳಬಾಗಿಲಿನ ಪಸೆ

ನೇಮಿರಾಜಣ್ಣ,

ನೀವು ತೀರಿಕೊಂಡ ಸುದ್ದಿ ಕೇಳಿ ಮೂಡಬಿದಿರೆಗೆ ಬಂದಿದ್ದೆ. ನಿಮ್ಮ ಹೆಂಡತಿ, ನನ್ನ ಪಾಲಿನ ಅಕ್ಕ, ಎಳನೀರು ಕೊಟ್ಟು, “ಹಡಗಿನ ಸುದ್ದಿ ಬಂದರೆ ಇವರು ನಿಮ್ಮನ್ನೇ ಹೊಗಳುತ್ತಿದ್ದದ್ದು” ಎಂದರು. ಎಳನೀರನ್ನು ಅರ್ಧಕ್ಕೇ ಕೆಳಗಿಟ್ಟೆ. ಹೇಳಬೇಕಾದದ್ದನ್ನು ಹೇಳದೆ ಬಂಟ್ವಾಳದ ಬಸ್ಸು ಹತ್ತಿದೆ. ಈಗ ಹೆದರಿಕೆ ತಡೆಯಲಾರದೆ ಬರೆಯುತ್ತಿದ್ದೇನೆ. ನನ್ನ ಮಗಳು ಶ್ರುತಿ ನೌಕಾಪಡೆ ಸೇರಿದ್ದಾಳೆ. ನಮ್ಮದರಂಥದ್ದೇ ಹಡಗು, ದಡಕ್ಕೆ ನುಗ್ಗಿ ಬಾಯಿ ತೆರೆಯುವಂಥದ್ದು.

ನಾನು ಕೆಲಸಕ್ಕೆ ಸೇರಿದ ದಿನ ನೀವು ಸೀಮೆಸುಣ್ಣದಲ್ಲಿ ಡೆಕ್ಕಿನ ಮೇಲೆಯೇ ಹಡಗು ಬಿಡಿಸಿ ತೋರಿಸಿದ್ದು ನೆನಪಿದೆಯೇ? “ಇದರ ಅಡಿ ಚಪ್ಪಟೆ ಮಾರಾಯ, ಮರಳಿನ ಮೇಲೆ ಹತ್ತಬೇಕಲ್ಲ. ಹಾಗಾಗಿ ತುಂಬಾ ಹೊರಳಾಡ್ತದೆ.” ಮುಂಭಾಗದಲ್ಲಿ ಎರಡು ಹೊರಬಾಗಿಲು, ಅವುಗಳ ಹಿಂದೆ ಒಂದು ಒಳಬಾಗಿಲು. ಅದನ್ನು ಕೆಳಗಿಳಿಸಿದರೆ ಲಾರಿ, ಟ್ಯಾಂಕುಗಳಿಗೆ ಅದೇ ರಸ್ತೆ. ದಡ ಹತ್ತುವ ಮೊದಲೇ ಹಿಂದುಗಡೆ ಲಂಗರು ಬಿಡಬೇಕು, ವಾಪಸು ಬರುವಾಗ ಅದನ್ನೇ ಹಿಡಿದು ಎಳೆದುಕೊಳ್ಳಲು. ಯುದ್ಧದ ಅಭ್ಯಾಸಕ್ಕೆ ಟ್ಯಾಂಕು ಇಳಿಸಿದೆವು, ಚಂಡಮಾರುತವಾದಾಗ ದ್ವೀಪಗಳಿಗೆ ಅಕ್ಕಿ ಇಳಿಸಿದೆವು, ಆಡುಮರಿ ಬಿಡಲೊಪ್ಪದ ಮುದುಕಿಯನ್ನು ಮರಿಸಮೇತ ಹತ್ತಿಸಿಕೊಂಡೆವು. ನಿಮಗೆ ಮಾತ್ರ ಯಾವಾಗಲೂ ಆ ಬಾಗಿಲಿನದೇ ಚಿಂತೆ.

ಒಳಬಾಗಿಲಿನ ರಬ್ಬರ್ ಅಂಚಿನಲ್ಲಿ ಪಸೆ ಕಂಡರೆ ನೀವು ಬೆರಳಲ್ಲಿ ಒರೆಸಿ ನಾಲಗೆಗೆ ಇಡುತ್ತಿದ್ದಿರಿ. ಸಪ್ಪೆಯಾದರೆ ಕಬ್ಬಿಣ ಬೆವರಿದ್ದು, ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ. ಆದರೆ ಜೈನರಾದ ನೀವು ಸೂರ್ಯ ಮುಳುಗಿದ ಮೇಲೆ ನೀರನ್ನೂ ಬಾಯಿಗೆ ಇಡುವವರಲ್ಲ. “ಇನ್ನು ನಿನ್ನ ನಾಲಗೆಯೇ ನನ್ನದು, ನೋಡಿ ಹೇಳು” ಎಂದು ಸಂಜೆಯ ಪರೀಕ್ಷೆಯನ್ನು ನನಗೆ ಬಿಟ್ಟಿರಿ. ಸಂಜೆ ರುಚಿ ನೋಡುವುದು ನಾನೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಮಳೆಗಾಲದ ಸಂಜೆ ನಾನು ವಾಂತಿ ಮಾಡಿ ಮಾಡಿ ಸಾಕಾಗಿದ್ದೆ. ಬೆರಳಿನಲ್ಲಿ ಗ್ರೀಸು ಬೆರೆತ ಪಸೆ. ಅದನ್ನು ಬಾಯಿಗೆ... ಇಡಲಿಲ್ಲ ಅಣ್ಣ. ಇಡದೆಯೇ “ಸಪ್ಪೆ ಉಂಟು” ಎಂದೆ. ನೀವು ಬೆನ್ನು ತಟ್ಟಿ ಮಲಗಲು ಹೋದಿರಿ. ಬೆಳಿಗ್ಗೆ ಹಡಗಿನೊಳಗಿದ್ದ ಲಾರಿಗಳ ಚಕ್ರ ನೀರಿನಲ್ಲಿತ್ತು.

ತನಿಖೆಯಲ್ಲಿ ಅಧಿಕಾರಿ, “ರುಚಿ ನೋಡಿದ್ದು ಯಾರು?” ಎಂದು ಕೇಳಿದಾಗ ನೀವು “ನಾನೇ” ಎಂದದ್ದು ಹೊರಗೆ ನಿಂತಿದ್ದ ನನಗೆ ಕೇಳಿಸಿತು. ನಿಮ್ಮ ಬಡ್ತಿ ಅಲ್ಲಿಗೆ ನಿಂತಿತು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಿರಿ: “ನಾಲಗೆಗೂ ಒಮ್ಮೊಮ್ಮೆ ತಪ್ತದೆ, ಬೇಜಾರು ಮಾಡ್ಬೇಡ.” ನಾಲಗೆಗೆ ತಪ್ಪಿದ್ದಲ್ಲ ಎಂದು ಆಗಲೇ ಹೇಳಬಹುದಿತ್ತು. ಕೆಲಸ ಹೋದೀತೆಂದು ಹೆದರಿದೆ. ಹಳತಾದ ಆ ಹಡಗನ್ನು ಗುಜರಿಗೆ ಒಡೆಯಲು ಎಳೆದುಕೊಂಡು ಹೋದಾಗ, ಅಬ್ಬ, ಇನ್ನು ಕೇಳುವವರಿಲ್ಲ ಎಂದುಕೊಂಡೆ. ಎಂಥ ಮನುಷ್ಯ ನಾನು?

ಶ್ರುತಿಗೆ ಸಿಕ್ಕಿದ್ದೂ ಆ ಬಾಗಿಲಿನ ಕೆಲಸವೇ. ಈಗ ನೀರು ಬಂದರೆ ಕೆಂಪು ದೀಪ ಹೊತ್ತುತ್ತದಂತೆ. ಆದರೂ ನಿಮ್ಮ ವಿದ್ಯೆಯನ್ನು ಕಲಿಸಿಯೇ ಕಳಿಸಿದ್ದೆ. ಇವತ್ತು ಸಂಜೆ ಫೋನ್ ಮಾಡಿದಳು. ಹಡಗು ದ್ವೀಪವೊಂದರ ಬಳಿ ನಿಂತಿದೆ, ಕತ್ತಲಾಗುವ ಮೊದಲು ಹೊರಡುತ್ತದೆ, ಅಲೆ ಜೋರು, ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ ಎಂದಳು. ಬಾಗಿಲಲ್ಲಿ ಸ್ವಲ್ಪ ಪಸೆ ಉಂಟಂತೆ, ದೀಪ ಹೊತ್ತಿಲ್ಲವಂತೆ.

“ನಾಲಗೆಗೆ ಇಟ್ಟು ನೋಡಿದೆಯಾ ಮಗಾ?”

“ನೋಡಿದೆ ಅಪ್ಪ. ಸಪ್ಪೆ ಉಂಟು.”

ಆ ಸ್ವರ ಆ ಮಳೆಗಾಲದ ಸಂಜೆಯ ನನ್ನದೇ ಆಗಿತ್ತು. ನಿಮಗೆ ಹೇಳಲಾಗದ್ದನ್ನೆಲ್ಲ ಅವಳಿಗೆ ಹೇಳಿದೆ, ತೊದಲುತ್ತ, ಅಳುತ್ತ. ಕೊನೆಗೆ, “ಅಪ್ಪ, ಫೋನ್ ಇಡ್ಬೇಡಿ, ನಾನು ಈಗ ಬಂದೆ” ಎಂದಳು. ಕಬ್ಬಿಣದ ಮೆಟ್ಟಿಲಲ್ಲಿ ಓಡುವ ಸದ್ದು ಕೇಳಿಸಿತು. ಆಮೇಲೆ ಸಿಗ್ನಲ್ ಹೋಯಿತು.

ಅವಳು ನೋಡಿರಲಿಲ್ಲ ಅಣ್ಣ.

ನಾಳೆ ಮೂಡಬಿದಿರೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳುತ್ತೇನೆ, ಅವರು ಬಾಗಿಲು ಹಾಕಿಕೊಂಡರೂ ಸರಿ. ಈಗ ಹೊರಗೆ ಕತ್ತಲಾಗುತ್ತಿದೆ. ಫೋನ್ ಇನ್ನೂ ಬಂದಿಲ್ಲ.

ನಿಮ್ಮ
ಸದಾಶಿವ