ಹದಿನಾಲ್ಕು ಪಾಯಿಂಟ್ ಒಂದು ವೋಲ್ಟ್

ನವೆಂಬರ್ 12, ಮಂಗಳವಾರ

ತಿಂಡಿಗೆ ಅವಲಕ್ಕಿ. ಫಿಸಿಕ್ಸ್ ಇಂಟರ್ನಲ್ಸ್‌ಗೆ ಮೂರು ದಿನ. ಗ್ಯಾಸ್ ಆಫ್ ಆಗಿದೆಯಾ ಅಂತ ಮೂರು ಸಲ ನೋಡಿದೆ. ಆರನೇ ಕ್ಲಾಸಿನಿಂದ ಪಿಯುಸಿವರೆಗೂ ಹಾಸ್ಟೆಲ್ — ಬಾಗಿಲು, ನಲ್ಲಿ, ಲೈಟು, ಎಲ್ಲವನ್ನೂ ಮೂರು ಸಲ ನೋಡುವವಳು ನಾನು. ಅಂಥವಳು ಕಾರಿನ ಲೈಟ್ ಉರಿಯಲು ಬಿಟ್ಟೆನಂತೆ.

ಇವತ್ತೂ ದೊಡ್ಡಮ್ಮ ಕಾಂಪೌಂಡ್ ಮೇಲಿಂದ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. "ಇವಳು ಕಾರಲ್ಲಿ ಕೂತು ಓದ್ತೀನಿ ಅಂತ ಲೈಟ್ ಹಾಕಿ ಬಿಟ್ಟಿದ್ಲು. ಪಾಪ, ಪುಷ್ಪಂಗೆ ಕೆಲಸ ತಪ್ಪೋಯ್ತು."

ಪುಷ್ಪ ಅಂದರೆ ನನ್ನ ಅಮ್ಮ. ಹೋದ ಶುಕ್ರವಾರ ಅವಳಿಗೆ ಶಿವಮೊಗ್ಗದ ಒಂದು ಶಾಲೆಯಲ್ಲಿ ಇಂಟರ್‌ವ್ಯೂ, ಲ್ಯಾಬ್ ಅಟೆಂಡರ್ ಕೆಲಸಕ್ಕೆ. ಅಪ್ಪ ಹೋದಮೇಲೆ ಬಂದ ಮೊದಲ ಕರೆ. ದೊಡ್ಡಪ್ಪ, ನಾನು ಭದ್ರಾವತಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆವು. ಕಾರು ಅಪ್ಪನದೇ, 2001ರದು. ಆಮೇಲೆ ಶಿವಮೊಗ್ಗದ ಆಲ್ಕೊಳಕ್ಕೆ, ಈ ದೊಡ್ಡಪ್ಪನ ಮನೆಗೆ ಬಂತು, ನನ್ನ ಹಾಗೆ. ವಾಪಸ್ ಬರುವಾಗ ಮಲವಗೊಪ್ಪದ ಹತ್ತಿರ ಹಾರ್ನಿನ ಸದ್ದು ಸಣ್ಣಗಾಯಿತು. ಆಮೇಲೆ ಇಂಜಿನ್ನೇ ನಿಂತಿತು. ಬಸ್ ಹಿಡಿದು ತಲುಪುವಷ್ಟರಲ್ಲಿ ಇನ್ನೊಬ್ಬರಿಗೆ ಕೊಟ್ಟಾಗಿತ್ತು.

"ಬ್ಯಾಟ್ರಿ ಪೂರ್ತಿ ಇವಳೇ ಕುಡಿದಿರೋದು" ಅಂದರು ದೊಡ್ಡಪ್ಪ. ಅಮ್ಮ ನನ್ನ ಕಡೆ ನೋಡಿದಳು. ನಂಬಿದಳು. ಆಮೇಲೆ ಫೋನಿನಲ್ಲಿ "ಊಟ ಆಯ್ತಾ" ಬಿಟ್ಟರೆ ಬೇರೆ ಮಾತಿಲ್ಲ.

ಬಿಡುವುದಿಲ್ಲ ನಾನು.

ನವೆಂಬರ್ 13

ಲೈಟ್‌ನಿಂದ ಖಾಲಿಯಾಗಿದ್ದರೆ ಬೆಳಿಗ್ಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಆಯಿತು. ಭದ್ರಾವತಿವರೆಗೂ ಹೋಯಿತು. ಓಡುತ್ತಾ ಓಡುತ್ತಾ ಸತ್ತಿತು. ಅಂದರೆ ಓಡುವಾಗ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಫಸ್ಟ್ ಇಯರ್ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುವ ನನಗೆ ಗೊತ್ತು. ಇಪ್ಪತ್ತೆಂಟು ವರ್ಷ ಇಲಾಖೆಯ ಜೀಪು ಓಡಿಸಿದ ದೊಡ್ಡಪ್ಪನಿಗೆ ಗೊತ್ತಿಲ್ಲ... ಅಥವಾ ಗೊತ್ತಿದೆ.

ನವೆಂಬರ್ 23, ಶನಿವಾರ, ಸಂಜೆ

ಭದ್ರಾವತಿ ಬಸ್ಸು. ಅಮ್ಮನ ಮನೆಗೆ ಹೋಗಲಿಲ್ಲ. ನೇರ ಮಂಜಪ್ಪ ಮಾವನ ಅಂಗಡಿಗೆ. ಅಪ್ಪನ ಗೆಳೆಯರು, ಆಟೋ ಎಲೆಕ್ಟ್ರಿಷಿಯನ್. ಕಾರನ್ನು ಮಲವಗೊಪ್ಪದಿಂದ ಎಳೆದು ತಂದವರೂ ಅವರೇ.

"ಬ್ಯಾಟ್ರಿ ಚಾರ್ಜ್ ಮಾಡೋ ಡೈನಮೋ ಹೋಗಿತ್ತು ಕಣೆ. ನಿಮ್ ಬುಕ್ಕಲ್ಲಿ ಆಲ್ಟರ್ನೇಟರ್, ನಮಗೆಲ್ಲಾ ಡೈನಮೋನೇ. ಇಂಜಿನ್ ಓಡ್ತಿರೋವಾಗ ಯಾರಾದ್ರೂ ಬ್ಯಾಟ್ರಿ ಟರ್ಮಿನಲ್ ಕಿತ್ತಿದ್ರಾ?"

ಕಿತ್ತಿದ್ದರು. ಆಯುಧಪೂಜೆ ದಿನ. ಕುಂಬಳಕಾಯಿ ಒಡೆದಾದಮೇಲೆ ದೊಡ್ಡಪ್ಪ ಬಾನೆಟ್ ಎತ್ತಿ, ಮೈನಸ್ ವೈರ್ ಕಿತ್ತು ಎಲ್ಲರಿಗೂ ತೋರಿಸಿದ್ದರು. "ನೋಡ್ರೋ, ಬ್ಯಾಟ್ರಿ ಇಲ್ದೇನೂ ಓಡ್ತಿದೆ. ಡೈನಮೋ ಅಂದ್ರೆ ಹಿಂಗಿರ್ಬೇಕು."

"ಹಳೇ ಜೀಪಿಗೆ ನಡೀತಿತ್ತು ಮಾರಾಯ್ತಿ" ಅಂದರು ಮಂಜಪ್ಪ ಮಾವ. "ಇದ್ರಲ್ಲಿ ಡಯೋಡ್ ಇರುತ್ತೆ. ಕಿತ್ರೆ ವೋಲ್ಟೇಜ್ ಹಾರುತ್ತೆ, ಡಯೋಡ್ ಸುಟ್ಟೋಗುತ್ತೆ. ಒಂದೆರಡು ಉಳ್ಕೊಂಡಿತ್ತು, ಅದಕ್ಕೇ ಇಷ್ಟು ದಿನ ಎಳೀತು."

ಗುಜರಿ ಗಾಡಿಯೊಂದರ ಡೈನಮೋ ಹಾಕಿದ್ದರು. ನನ್ನ ಲ್ಯಾಬ್ ಮೀಟರ್ ಹಿಡಿದು ನೋಡಿದೆ. 14.1 ವೋಲ್ಟ್. ಸರಿಯಾಗಿ ಚಾರ್ಜ್ ಆಗುತ್ತಿದೆ; ಇಲ್ಲದಿದ್ದರೆ ಹನ್ನೆರಡರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು.

"ನಿಮ್ ದೊಡ್ಡಪ್ಪ ಪರಮೇಶಣ್ಣಂಗೆ ಹೇಳ್ಬಿಡು. ಇನ್ನೊಂದು ಸಲ ಕಿತ್ರೆ ಇದೂ ಗೋವಿಂದ. ನಾನೇ ಫೋನ್ ಮಾಡ್ಲಾ?"

"ಬೇಡ ಮಾವ. ನಾನೇ ಹೇಳ್ತೀನಿ."

ಹೇಳುವುದಿಲ್ಲ. ನನ್ನ ಬಾಯಿಮಾತನ್ನು ಯಾರು ನಂಬುತ್ತಾರೆ? ಅಮ್ಮನ ಎದುರಿಗೆ ಅವರೇ ಕೀಳಲಿ.

ನವೆಂಬರ್ 30

ನಾಳೆ. ದೊಡ್ಡಪ್ಪ ಹೋಗಿ ಕಾರನ್ನೂ ಅಮ್ಮನನ್ನೂ ಕರೆತರುತ್ತಾರೆ. ಇವತ್ತು ನನಗೆಂದು ಗಡ್‌ಬಡ್ ಐಸ್‌ಕ್ರೀಮ್ ತಂದರು. ತಿಂದೆ. ಕ್ಷಮಿಸಲಿಲ್ಲ.

ಡಿಸೆಂಬರ್ 1, ಭಾನುವಾರ



ಊಟ ಆದಮೇಲೆ ಅಂಗಳದಲ್ಲಿ ಕೇಳಿದೆ. "ದೊಡ್ಡಪ್ಪ, ಈ ಡೈನಮೋ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಇಂಜಿನಿಯರಿಂಗ್ ಓದೋಳಿಗೆ ನಾನ್ ಹೇಳ್ಬೇಕಾ" ಅಂತ ನಕ್ಕು ಸ್ಟಾರ್ಟ್ ಮಾಡಿದರು. ಬಾನೆಟ್ ಎತ್ತಿದರು. ನಾನು ಮೀಟರಿನ ವೈರ್ ಸಿಕ್ಕಿಸಿ, ಮೀಟರನ್ನು ಅಮ್ಮನ ಕೈಗೆ ಕೊಟ್ಟೆ. ಓದು ಅಂದೆ.

"ಹದಿನಾಲ್ಕು ಪಾಯಿಂಟ್ ಒಂದು" ಅಂದಳು ಅಮ್ಮ.

ದೊಡ್ಡಪ್ಪ ಸ್ಪ್ಯಾನರ್ ತಂದರು. ಮೈನಸ್ ಸಡಿಲಿಸಿದರು. ತಡೆಯಲು ನಾಲ್ಕೈದು ಸೆಕೆಂಡ್ ಇತ್ತು ನನ್ನ ಕೈಯಲ್ಲಿ. ಎಣಿಸಿದೆ. ಕಿತ್ತರು.

ಇಂಜಿನ್ ನಿಲ್ಲಲಿಲ್ಲ. "ನೋಡಿದ್ರಾ?" ಅಂದರು. ವಾಪಸ್ ಬಿಗಿದರು.

"ಅಮ್ಮ, ಈಗ ಓದು."

"ಹನ್ನೆರಡು ಪಾಯಿಂಟ್ ಮೂರು."

ಇಂಜಿನ್ ರೇಸ್ ಮಾಡಿಸಿದೆ. ಹನ್ನೆರಡು ಪಾಯಿಂಟ್ ಎರಡು. ಆಗ ಎಲ್ಲ ಹೇಳಿದೆ. ಡಯೋಡು, ಆಯುಧಪೂಜೆ, ಮಲವಗೊಪ್ಪ. ದೊಡ್ಡಮ್ಮನ ಕಡೆಗೇ ನೋಡಿಕೊಂಡು ಹೇಳಿದೆ. ದೊಡ್ಡಪ್ಪ ಸ್ಪ್ಯಾನರನ್ನು ಪಂಚೆಗೆ ಒರೆಸುತ್ತಾ ನಿಂತರು, ಒರೆಸುತ್ತಲೇ ಇದ್ದರು. ಎಷ್ಟು ಖುಷಿಯಾಯಿತು ಅಂದರೆ... ಬರೆಯಲು ನಾಚಿಕೆ.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಅಮ್ಮ ತಾರಸಿಗೆ ಬಂದಳು.

"ಮಂಜಪ್ಪ ನಂಗೂ ಹೇಳಿದ್ದ. ವೈರ್ ಕಿತ್ತಿದ್ದಕ್ಕೇ ಹೋಗಿದ್ದು, ನಿನ್ನ ತಪ್ಪಲ್ಲ ಅಂತ. ಇವತ್ತು ಎಲ್ರ ಮುಂದೆ ಭಾವಂಗೆ ಹೇಳೋಣ ಅಂತ್ಲೇ ಬಂದಿದ್ದೆ. ಅಷ್ಟರಲ್ಲಿ ನೀನೇ ಮಾತು ತೆಗೆದೆ. ಸರಿ, ಇವಳೇ ಹೇಳ್ತಾಳೆ ಅಂದ್ಕೊಂಡೆ. ಅವರು ಸ್ಪ್ಯಾನರ್ ತಂದ್ರು, ಆಗ್ಲೂ ಹಾಗೇ ಅಂದ್ಕೊಂಡೆ."

"ನೀನೂ ತಡೀಲಿಲ್ಲ ಅಮ್ಮ."

"ಹೂಂ" ಅಂದಳು. "ನಾನೂ ತಡೀಲಿಲ್ಲ."

ಬಟ್ಟೆ ಮಡಚಿದೆವು. ಆರೂವರೆ ಬಸ್ಸಿಗೆ ಹೋದಳು.

ಡಿಸೆಂಬರ್ 2, ಬೆಳಿಗ್ಗೆ 6.40

ದೊಡ್ಡಪ್ಪ ಅಂಗಳದಲ್ಲಿ ಒಬ್ಬರೇ. ಬಾನೆಟ್ ಎತ್ತಿದ್ದಾರೆ. ನನ್ನ ಮೀಟರ್ ಅವರ ಕೈಯಲ್ಲಿ — ಕೆಂಪು ವೈರನ್ನು ಪ್ಲಸ್ ಬದಲು ಮೈನಸ್‌ಗೆ ಹಿಡಿದಿದ್ದಾರೆ, ಕಿಟಕಿಯಿಂದಲೇ ಕಾಣುತ್ತಿದೆ. ಮಂಜಪ್ಪ ಮಾವ ನನ್ನನ್ನು ಮೊದಲೇ ಎಚ್ಚರಿಸಿದ್ದರು ಅಂತ ಇವರಿಗೆ ಇನ್ನೂ ಗೊತ್ತಿಲ್ಲ. ಅದನ್ನು ಯಾರಾದರೂ ಹೇಳಬೇಕು. ನಾನೇ.

ಕರೆಯುತ್ತಿದ್ದಾರೆ. "ಕವನಾ, ನಂಬರ್‌ಗೆ ಮುಂಚೆ ಒಂದು ಗೆರೆ ಬರ್ತಿದೆ, ಯಾಕಮ್ಮಾ?"

ಹೋಗಿ ಮೊದಲು ಅದನ್ನು ಹೇಳಬೇಕು. ಗೆರೆಯ ವಿಷಯ ಆಮೇಲೆ.