ಚಿಕ್ಕಗೌರಮ್ಮ ಕೋಂ ವೀಡ್‌ಮನ್

ಜೂನ್ 9, ಸೋಮವಾರ

ಇವತ್ತೂ ಲ್ಯಾಬಿನಲ್ಲಿ ಬರೀ ಶುಗರ್ ಟೆಸ್ಟ್. ತಿಪಟೂರಿಗೆ ತಿಪಟೂರೇ ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕೂತಿತ್ತು. ಮಧ್ಯಾಹ್ನ ಮನೆಗೆ ಬಂದರೆ ಅವ್ವ ಊಟ ಮಾಡಿಲ್ಲ. ಮುದ್ದೆ ತಣ್ಣಗೆ ಕಲ್ಲಾಗಿದೆ.

ನಿನ್ನೆ ಮದುವೆಮನೆಯಲ್ಲಿ ಆದದ್ದೇ ಕಾರಣ. ದೂರದ ನೆಂಟಳೊಬ್ಬಳು, ಮುದುಕಿ, ಊಟದ ಪಂಕ್ತಿಯಲ್ಲಿ ನನ್ನ ಮಗಳು ಚೈತ್ರಳ ಗಲ್ಲ ಹಿಡಿದು — "ಬೆಕ್ಕಿನ ಕಣ್ಣು ಇವಳ್ಗೂ ಬಂದೈತಲ್ಲೇ! ಬರ್ದೆ ಇರ್ತದಾ, ಬಿಳೀ ದೊರೆ ಇಟ್ಕೊಂಡಿದ್ದೋಳ ವಂಶ" ಅಂದಳು. ನಗುನಗುತ್ತಲೇ ಅಂದಳು. ಅವ್ವ ಅರ್ಧ ಊಟಕ್ಕೇ ಎಲೆ ಮಡಚಿ ಎದ್ದುಬಿಟ್ಟಳು. ಅವ್ವನದೂ ಅದೇ ಕಣ್ಣು. ಬೂದಿಗೆ ಹಸಿರು ಬೆರೆಸಿದಂಥದ್ದು.

ಬರುವಾಗ ಕಾರಿನಲ್ಲಿ ಚೈತ್ರ, "ಯಾರಮ್ಮಾ ಆ ದೊರೆ?" ಅಂದಳು. ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ.

ಜೂನ್ 10

ಅವ್ವನನ್ನು ಕೇಳಿದೆ. "ಯಾಕೆ ಕೆದಕ್ತೀಯ, ಬುಡು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ನಮ್ಮವ್ವ ಪುಟ್ಟಗಂಗಮ್ಮ ಆ ಮಾತು ಕೇಳ್ಕೊಂಡೇ ಸತ್ಲು. ನಾನೂ ಕೇಳ್ದೆ. ಈಗ ಆ ಕೂಸೂ ಕೇಳ್ಬೇಕೇನೇ ಆಶಾ?"

ಅವ್ವನಿಗೆ ಗೊತ್ತಿರುವುದಿಷ್ಟು. ಅವಳ ಅಜ್ಜಿ ಚಿಕ್ಕಗೌರಮ್ಮ. ಚಿಕ್ಕನಾಯಕನಹಳ್ಳಿ ಗುಡ್ಡಗಳಲ್ಲಿ ಮ್ಯಾಂಗನೀಸ್ ಹುಡುಕುತ್ತಾ ಒಬ್ಬ ಬಿಳಿಯ ಬಂದ. ಜನ 'ವೀಡಪ್ಪ' ಅನ್ನುತ್ತಿದ್ದರು. ಕಂದಿಕೆರೆ ಹತ್ತಿರ ತೆಂಗಿನ ತೋಟ ಮಾಡಿದ. ಪುಟ್ಟಗಂಗಮ್ಮ ಹುಟ್ಟಿದಳು. ಆಮೇಲೊಂದು ದಿನ ತಾಯಿ ಮಗಳನ್ನು ಬಿಟ್ಟು ಓಡಿಹೋದ. ಎಷ್ಟೋ ವರ್ಷದ ಮೇಲೆ ಪುಟ್ಟಗಂಗಮ್ಮ ತೋಟ ಮಾರಿದಳು. ಈಗ ಅದು ಬೋರಯ್ಯ ಅನ್ನುವವರದು. ಹೆಸರು ಮಾತ್ರ ಇವತ್ತಿಗೂ ವೀಡಪ್ಪನ ತೋಟ.

ತೋಟ ಅಂದಮೇಲೆ ಸರ್ವೆ ನಂಬರ್ ಇರುತ್ತದೆ. ಹಳೇ ದಾಖಲೆ ಇದ್ದೇ ಇರುತ್ತದೆ.

ಜೂನ್ 21, ಶನಿವಾರ

ಲ್ಯಾಬಿಗೆ ರಜೆ ಹಾಕಿ ಚಿಕ್ಕನಾಯಕನಹಳ್ಳಿ ತಾಲ್ಲೂಕು ಆಫೀಸು. ಮೂರನೇ ಸಲ. ಹಳೇ ಕಾಗದ ಮುಟ್ಟಿದರೆ ಹಪ್ಪಳ. ಪುಣ್ಯಕ್ಕೆ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಮೋಡಿ ಅಕ್ಷರದ ಹಾಗೆ ಕೂಡಿಸಿ ಗೀಚಿದ ಕನ್ನಡ. ಕಣ್ಣು ಉರಿ.

ಒಂದು ಕಡೆ 'ವೀಡಮನ್'. ಇನ್ನೊಂದು ಕಡೆ 'ವೈದಮಾನ'. ಮತ್ತೊಂದು ಕಡೆ 'ವೈದ್ಯಮಾನ್ಯ' — ಪಾಪ, ಡಾಕ್ಟರನ್ನೇ ಮಾಡಿದ್ದಾರೆ! ಕೊನೆಗೆ 1907ರ ಹಾಳೆಯಲ್ಲಿ ಪೂರ್ತಿ ಸಿಕ್ಕಿತು: ಕಾರ್ಲ್ ವೀಡ್‌ಮನ್, ಜರ್ಮನಿ ದೇಶಸ್ಥ.

ಇಂಗ್ಲೆಂಡಿನವನೇ ಅಲ್ಲ! ಬಿಳಿ ತೊಗಲಿಗೆಲ್ಲ ಒಂದೇ ಹೆಸರು, ದೊರೆ.

1915ರ ಹಾಳೆಯಲ್ಲಿ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ: 'ಶತ್ರು ದೇಶದವನು. ಅಹಮದ್‌ನಗರದ ಕ್ಯಾಂಪಿಗೆ ಕಳಿಸಿದೆ. ಜಮೀನು ಸರ್ಕಾರದ ವಶ.'

ಓಡಿಹೋಗಿರಲಿಲ್ಲ. ಮೊದಲ ಮಹಾಯುದ್ಧ ಶುರುವಾದ ಮೇಲೆ ಹಿಡಿದುಕೊಂಡು ಹೋಗಿದ್ದಾರೆ.

ಸಂಜೆ ಅವ್ವನಿಗೆ ಹೇಳಿದೆ. "ಓಡೋಗ್ಲಿಲ್ವಾ?" ಅಂದಳು. ಮತ್ತೆ ಕೇಳಿದಳು. "ಓಡೋಗ್ಲಿಲ್ವೇನೇ?" ರಾತ್ರಿ ಎರಡನೇ ಸಲ ಸಾರು ಹಾಕಿಸಿಕೊಂಡಳು.

ಜೂನ್ 22

ಬೆಳಗ್ಗೆ ಕಾಫಿ ಕೊಡುವಾಗ ಅವ್ವ — "ಸರಿ, ಹಿಡ್ಕೊಂಡೋದ್ರು. ತಾಳಿ ಕಟ್ಟಿದ್ನೋ ಇಲ್ವೋ?"

ಜಮೀನು ವಶಕ್ಕೆ ತೆಗೆದುಕೊಂಡ ಮೇಲಿನ ಕಡತ ಬೆಂಗಳೂರಿನ ಪತ್ರಾಗಾರದಲ್ಲಿ ಇರಬಹುದಂತೆ. ಅರ್ಜಿ ಹಾಕಿದೆ. ಜರ್ಮನಿಯ ವಂಶಾವಳಿ ಹುಡುಕುವ ಒಂದು ಸಂಘಕ್ಕೂ ಇಮೇಲ್ ಮಾಡಿದೆ. ಚೈತ್ರ ಇಂಗ್ಲಿಷ್ ತಿದ್ದಿದಳು.

ಜುಲೈ 2

ಜರ್ಮನಿಯಿಂದ ಉತ್ತರ. ವೀಡ್‌ಮನ್ ಅನ್ನುವವರು ಅಲ್ಲಿ ಊರೂರಿಗೆ ಇದ್ದಾರಂತೆ. ಯಾವ ಊರು ಅಂತ ತಿಳಿಸಿ, ಸಂತೋಷದಿಂದ ಹುಡುಕುತ್ತೇವೆ ಅಂದಿದ್ದಾರೆ. ಮರ್ಯಾದೆಯ ಜನ. ಊರು ಗೊತ್ತಿದ್ದರೆ ನಾನೇ...

ಜುಲೈ 5, ಸಂಜೆ

ಎಡವಟ್ಟಾಗಿದೆ. ನಮ್ಮ ಯಜಮಾನರ ಮೋಟಾರ್ ಪಂಪಿನ ಅಂಗಡಿಗೆ ಬೋರಯ್ಯ ಬಂದಿದ್ದರಂತೆ. ಹಳೇ ಗಿರಾಕಿ. ಅಂಗಡಿ ತುಂಬ ಜನ ಇರುವಾಗಲೇ ಕೂಗಾಡಿದರಂತೆ.

"ಏನ್ರೀ ಶಿವಮೂರ್ತಿ, ಮೋಟ್ರು ಮಾರೋದು ನೀವು, ನನ್ ತೋಟದ್ ಮೇಲೆ ಕಣ್ಣು ನಿಮ್ ಮನೇವ್ರುದಾ? ಹಳೇ ದಾಖಲೆ ಯಾಕ್ ತೆಗೆಸ್ತವ್ರೆ? ಕೋರ್ಟ್‌ಗೆ ಹಾಕ್ತೀರಾ? ಹಾಕ್ರೀ, ನೋಡೇಬಿಡಾನ!"

ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಆಶಾ, ಸಾಕು ಮಾಡು. ಸತ್ತೋರ್ ವಿಷ್ಯಕ್ಕೆ ಇದ್ದೋರತ್ರ ಜಗಳ ಬೇಡ" ಅಂದರು. ಕೋಪವಿರಲಿಲ್ಲ. ಮುಖ ಸಣ್ಣಗಾಗಿತ್ತು. ಅದಕ್ಕೇ ಎದುರಾಡಲು ಆಗಲಿಲ್ಲ.

ನಿಲ್ಲಿಸಿದೆ.

ಜುಲೈ 28, ಸೋಮವಾರ

ನಾನು ನಿಲ್ಲಿಸಿದರೂ ಬೆಂಗಳೂರಿನ ಅರ್ಜಿ ತನ್ನ ಪಾಡಿಗೆ ನಡೆದಿತ್ತು. ಪೋಸ್ಟಿನಲ್ಲಿ ನಕಲು ಬಂತು. ಇವರ ಕೈಗೇ ಬಂತು. ಒಡೆಯದೆ ತಂದು ಕೊಟ್ಟರು. "ಬಂದಿದ್ದು ಬಂದೈತೆ, ಓದು" ಅಂದರು.

1916. ತಾಲ್ಲೂಕಿನ ಅಮಲ್ದಾರರಿಗೆ ಚಿಕ್ಕಗೌರಮ್ಮ ಕೊಟ್ಟ ಅರ್ಜಿ. ತೋಟ ವಾಪಸ್ ಕೊಡಿ ಅಂತ. ಅವಳು ಹೇಳಿದ್ದಾಳೆ, ಗುಮಾಸ್ತ ಬರೆದಿದ್ದಾನೆ. ಮೊದಲ ಸಾಲು: 'ಚಿಕ್ಕಗೌರಮ್ಮ, ವೀಡಮನ್ ಎಂಬುವನು ಇಟ್ಟುಕೊಂಡ ಹೆಂಗಸು.'

ಆ ಮಾತುಗಳ ಮೇಲೆ ಅಡ್ಡಗೆರೆ. ಅದರ ಮೇಲೆ ಸಣ್ಣದಾಗಿ 'ಕೋಂ ವೀಡಮನ್'. ಕೋಂ ಅಂದರೆ ಹೆಂಡತಿ, ಈಗಲೂ ನಮ್ಮ ಪಹಣಿಗಳಲ್ಲಿ ಹಾಗೇ ಬರೆಯುತ್ತಾರೆ. ತಿದ್ದಿದ ಜಾಗದ ಪಕ್ಕದಲ್ಲೇ ಒಂದು ಹೆಬ್ಬೆಟ್ಟು. ಕೆಳಗೆ ಅವಳ ಹೇಳಿಕೆ:

'ನಮ್ಮ ಹಟ್ಟಿಯ ಬಾಗಿಲಲ್ಲಿ ಐವರ ಎದುರಿಗೆ ತಾಳಿ ಕಟ್ಟಿದ್ದಾರೆ. ಅವರ ದೇಶ ಯಾವುದೆಂದು ನಾನರಿಯೆ. ಸರ್ಕಾರಕ್ಕೆ ಅವರು ಶತ್ರುವಿರಬಹುದು. ತೋಟದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತವಳು ನಾನು. ನಾನು ಯಾರ ಶತ್ರುವೂ ಅಲ್ಲ.'

ಎರಡು ವರ್ಷ ಅಲೆದಿದ್ದಾಳೆ. 1918ರಲ್ಲಿ ಆದೇಶ. ತೋಟ ಚಿಕ್ಕಗೌರಮ್ಮ ಕೋಂ ವೀಡಮನ್ ಹೆಸರಿಗೆ.

ಗಟ್ಟಿಯಾಗಿ ಓದಿದೆ. ಕೊನೆಗೆ ಹಾಳೆಯನ್ನು ಚೈತ್ರಳ ಕೈಗೆ ಕೊಟ್ಟೆ. ಮುಂದಿನದನ್ನು ಅವಳು ಓದಿದಳು. ಅವ್ವ ಹೆಬ್ಬೆಟ್ಟಿನ ಗುರುತು ಎಲ್ಲಿ ಅಂತ ಕೇಳಿ, ಅದರ ಮೇಲೆ ತನ್ನ ಬೆರಳಿಟ್ಟುಕೊಂಡು ಕೂತಳು.

"ಓದಕ್ ಬರ್ದೋಳಿಗೆ, ಅಲ್ಲಿ ಹಂಗ್ ಬರ್ದವ್ರೆ ಅಂತ ಹೆಂಗ್ ಗೊತ್ತಾಯ್ತೇ?"

ಚೈತ್ರ ಹೇಳಿದಳು: "ಹೆಬ್ಬೆಟ್ಟು ಒತ್ತೋಕ್ ಮುಂಚೆ ಓದಿ ಹೇಳು ಅಂದಿರ್ತಾಳೆ, ಅಜ್ಜಿ."

ನಾನು ಹುಡುಕಲು ಹೊರಟದ್ದು ಜರ್ಮನಿಯವನನ್ನು. ಸಿಕ್ಕಿದ್ದು ಇವಳು.

ಜುಲೈ 29

ಅವ್ವ ಬೆಳಗ್ಗೆಯೇ ಅಳಿಯನ ಎದುರು ನಿಂತಳು. "ಶಿವಮೂರ್ತಿ, ಆ ಬೋರಯ್ಯನ್ ಮನೆಗೆ ನನ್ನ ಕರ್ಕೊಂಡೋಗಪ್ಪ. ನಾನ್ ಮಾತಾಡ್ತೀನಿ." ಇವರು ನನ್ನ ಮುಖ ನೋಡಿದರು. ನಾನು ಅವ್ವನ ಮುಖ ನೋಡಿದೆ.

ಆಗಸ್ಟ್ 10, ಭಾನುವಾರ

ಹೋಗಿ ಬಂದೆವು. ಆದದ್ದು ಆದ ಹಾಗೇ ಬರೆಯುತ್ತೇನೆ.

ಬೋರಯ್ಯ ಗೇಟಿನಲ್ಲೇ ನಿಂತಿದ್ದರು. ಬನ್ನಿ ಅನ್ನಲಿಲ್ಲ. ಅವ್ವ ಕಾರಿನಿಂದ ಇಳಿದವಳೇ, "ನಿನ್ ತೋಟ ನನಗ್ ಬೇಡ ಕಣಪ್ಪ. ನಮ್ಮವ್ವ ದುಡ್ಡೆಣಿಸ್ಕೊಂಡು ನಿಮ್ ತಾತನಿಗೆ ಮಾರವ್ಳೆ. ಅದು ನಿಂದೇ. ಬೇಕಾದ್ರೆ ಬರ್ಕೊಡ್ತೀನಿ" ಅಂದಳು.

"ಮತ್ತಿನ್ನೇನ್ ಬೇಕವ್ವಾ ನಿಮ್ಗೆ?"

"ನಮ್ಮಜ್ಜಿ ಓಡಾಡಿದ್ ಜಾಗ ಒಂದ್ಸಲ ನೋಡ್ಬೇಕು."

ಅವರು, "ಹೆಸ್ರೇನು ನಿಮ್ಮಜ್ಜಿದು?" ಅಂದರು.

"ಚಿಕ್ಕಗೌರಮ್ಮ."

ಬೋರಯ್ಯನವರ ಮುಖವೇ ಬದಲಾಯಿತು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಲೇ ಇವ್ಳೇ, ಬಾರೇ ಇಲ್ಲಿ! ಗೌರಮ್ಮನ್ ಮೊಮ್ಮಗಳು ಬಂದವ್ರೆ!"

ತೋಟದ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಬೋರ್‌ವೆಲ್ ಬಂದ ಮೇಲೆ ಯಾರೂ ನೀರು ಸೇದುವುದಿಲ್ಲ, ಆದರೂ ಕಟ್ಟೆ ತೊಳೆದಿಟ್ಟಿದ್ದಾರೆ. ಅರಿಶಿನ ಕುಂಕುಮದ ಗುರುತು. ಅದಕ್ಕೆ ಗೌರಮ್ಮನ ಬಾವಿ ಅನ್ನುತ್ತಾರಂತೆ. ಪ್ರತಿ ಗೌರಿ ಹಬ್ಬಕ್ಕೂ ಸುತ್ತಲಿನ ಹೆಂಗಸರೆಲ್ಲ ಇಲ್ಲಿಂದಲೇ ಗಂಗೆ ತರುವುದು.

"ಗೌರಿ ದೇವ್ರು ಅಂದ್ಕೊಂಡಿದ್ವಿ ಕಣ್ರೀ" ಅಂದರು ಅವರ ಹೆಂಡತಿ. "ನಮ್ಮತ್ತೆ ಮಾತ್ರ ಹೇಳೋರು, ಅಲ್ಲ ಕಣೇ, ಬಾವಿ ತೋಡ್ಸಿದ್ ಹೆಂಗ್ಸು ಅಂತ. ನಾವ್ ಯಾರೂ ನಂಬ್ಲಿಲ್ಲ."

ಅವ್ವ ಮೊದಲು ಅತ್ತಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಗು. "ನೋಡೇ ಆಶಾ, ಮದ್ವೆಮನೇಲಿ ಅಂದ್ಲಲ್ಲ, ಆ ಮುದುಕೀನೂ ಇದೇ ಸೀಮೆಯೋಳು. ಎಷ್ಟ್ ಸಲ ಕೈ ಮುಗ್ದವ್ಳೋ!"

ಹಬ್ಬಕ್ಕೆ ಬರಲೇಬೇಕು ಅಂತ ಬೋರಯ್ಯನವರ ಮಾತು. ಕಾರಿನ ಡಿಕ್ಕಿ ತುಂಬ ಎಳನೀರು ತುಂಬಿಸಿದರು. ಇವರು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಡ್ರೈವ್ ಮಾಡಿದರು.

ಆಗಸ್ಟ್ 26, ಗೌರಿ ಹಬ್ಬ. ಬೋರಯ್ಯನವರ ತೋಟದಲ್ಲಿ ಕೂತು

ಪೂಜೆ ಮುಗಿಯಿತು. ಮೊದಲ ಬಾಗಿನ ಅವ್ವನಿಗೆ ಕೊಟ್ಟರು. ಹೆಂಗಸರೆಲ್ಲ ಅವಳ ಸುತ್ತ ಕೂತಿದ್ದಾರೆ, ನಾನು ಸ್ವಲ್ಪ ಆಚೆ, ಬುಟ್ಟಿ ಬೋರಲು ಹಾಕಿಕೊಂಡು ಬರೆಯುತ್ತಿದ್ದೇನೆ. ಅವ್ವ ಕಥೆ ಹೇಳುತ್ತಿದ್ದಾಳೆ. ಇಷ್ಟು ವರ್ಷ ಬಾಯಿ ಬಿಡದವಳು! ವೀಡಪ್ಪ ತೆಂಗಿನ ಮರದಷ್ಟು ಎತ್ತರ ಇದ್ದನಂತೆ. ಮುದ್ದೆಯನ್ನು ನುಂಗಲು ಬಾರದೆ ಅಗಿಯುತ್ತಿದ್ದನಂತೆ. ಚಿಕ್ಕಗೌರಮ್ಮ ಅಮಲ್ದಾರರ ಮೇಜು ಗುದ್ದಿದಳಂತೆ. ಇದ್ಯಾವುದೂ ಯಾವ ಕಡತದಲ್ಲೂ ಇಲ್ಲ. ಅಡ್ಡ ಬಾಯಿ ಹಾಕಲು ಮನಸ್ಸಾಗಲಿಲ್ಲ.

ಚೈತ್ರ ಅಜ್ಜಿಗೆ ಒರಗಿ ಕೂತಿದ್ದಾಳೆ. ಹುಡುಗಿಯೊಬ್ಬಳು, "ನಿನ್ ಕಣ್ಣು ಯಾಕಕ್ಕ ಹಂಗೆ?" ಅಂದಳು. ಚೈತ್ರ, "ನಮ್ಮಜ್ಜಿ ತಾತಂದು" ಅಂದಳು. ಅಷ್ಟೇ. ನೆಗಡಿ ಆಗಿದೆ ಅನ್ನುವಷ್ಟು ಸಲೀಸಾಗಿ.

ಈಗ ಅವ್ವ ವೀಡಪ್ಪನ ಊರಿನ ಹೆಸರು, ಜರ್ಮನಿಯವರು ಕೇಳಿದ್ದ ಅದೇ ಹೆಸರು, ಹೇಳುತ್ತಿದ್ದಾಳೆ. ತಮಾಷೆ ಅಂದುಕೊಂಡೆ. ಇಲ್ಲ, ತೊದಲುತ್ತಾ, ನೆನಪು ಮಾಡಿಕೊಳ್ಳುತ್ತಾ... ಪುಟ್ಟಗಂಗಮ್ಮ ಮಲಗಿಸುವಾಗ ಹಾಡುತ್ತಿದ್ದ ಯಾವುದೋ ಪದದಲ್ಲಿ ಬರುತ್ತಿತ್ತಂತೆ. ಎರಡು ಸಲ ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ. ಎದ್ದು ಹೋಗಿ ಕೇಳಿ, ಹೇಗೆ ಹೇಳುತ್ತಾಳೋ ಹಾಗೇ ಇಲ್ಲಿ ಬರೆಯುತ್ತೇನೆ —