ಗವರ್ನರ ತಲೆಯೊಳಗಿನ ಮಾತ್ರೆ

ಆಗಸ್ಟ್ 16, 1978. ಬೆಳಗ್ಗೆ 8

ಬಾಗಿಲು ತೆಗೆದೆ. ಗವರ್ನರ ಧೂಳು ಒರೆಸಿದೆ. ಗವರ್ನರು ಅಂದರೆ, ಮಾತ್ರೆಯಿಲ್ಲದೆ ಬರೀ ಬೆನ್ನೆಲುಬು ಒತ್ತಿ ರೋಗ ವಾಸಿಮಾಡುವ ತಾತನ ಕ್ಲಿನಿಕ್ಕಿನ ಪ್ಲಾಸ್ಟಿಕ್ ಅಸ್ಥಿಪಂಜರ. ಪಟ್ಟಾಭಿಷೇಕ ನಾನೇ ಮಾಡಿದ್ದು. ಇವತ್ತು ಸನ್ನಿಧಾನಕ್ಕೆ ಟೈ ಕಟ್ಟಿ, ಹಲ್ಲಿಗೆ ಚುರುಟು ಸಿಕ್ಕಿಸಿದೆ. ಮೊದಲ ಪೇಷಂಟ್ ಗುಡ್ ಮಾರ್ನಿಂಗ್ ಹೇಳಿದರು — ನನಗಲ್ಲ, ಅವರಿಗೆ.

ಎದ್ದಾಗಿನಿಂದ ನನಗೆ ಹನ್ನೊಂದು ಸೀನು. ನದಿಯುದ್ದಕ್ಕೂ ರ್ಯಾಗ್‌ವೀಡ್ ಕಳೆ ಹೂಬಿಟ್ಟಿದೆ, ಅದರ ಪರಾಗಕ್ಕೆ ಇಡೀ ಅಯೋವಾ ರಾಜ್ಯ ಮೂಗೊರೆಸುತ್ತಿದೆ. ತಾತ ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಅವರ ಸಿದ್ಧಾಂತ: ತಪ್ಪು ಮೂಗಿನದಲ್ಲ, ಪರಾಗದ್ದೂ ಅಲ್ಲ. ಕತ್ತಿನ ಎಲುಬು ಒತ್ತಿ ನರ ಸುಳ್ಳು ಸುದ್ದಿ ಕಳಿಸುತ್ತಿದೆ — ಶತ್ರು ಬಂದ, ಬಾಗಿಲು ಹಾಕಿ ಅಂತ. ಕತ್ತು ತಿರುಗಿಸಿದರು. ಲಟಕ್. ಹನ್ನೆರಡನೆಯ ಸೀನು.

ತಾತನ ಮುಖ ನೋಡಲಾಗಲಿಲ್ಲ.

ಆಗಸ್ಟ್ 19

ಮಹಾಪಾತಕ. ಔಷಧಿ ಅಂಗಡಿಯಿಂದ ಅಲರ್ಜಿ ಮಾತ್ರೆ ತಂದೆ. ಮೂರು ತಲೆಮಾರಿನಿಂದ ಈ ಹೊಸ್ತಿಲನ್ನು ಮಾತ್ರೆ ದಾಟಿಲ್ಲ. ಈ ವಿದ್ಯೆಗೆ ಲೈಸೆನ್ಸ್ ಇಲ್ಲದ ಕಾಲದಲ್ಲಿ ಬೆನ್ನು ಒತ್ತಿದ್ದಕ್ಕೆ ಮುತ್ತಾತ ಜೈಲಿಗೆ ಹೋದವರು. ಅಲ್ಲಿ ಜೈಲರನ ಬೆನ್ನನ್ನೂ ಒತ್ತಿ ಬಂದರಂತೆ. ಅಂಥ ವಂಶ. ಗವರ್ನರ ತಲೆಯ ಮುಚ್ಚಳ ತೆರೆದು ಡಬ್ಬಿ ಇಟ್ಟೆ. ಆ ತಲೆಗೆ ಹೊಕ್ಕ ಮೊದಲ ಉಪಯುಕ್ತ ವಿಚಾರ.

ಆಗಸ್ಟ್ 23

ಮೂಗು ಬಿಟ್ಟಿದೆ. ತಾತ ಕುಣಿಯುವುದೊಂದು ಬಾಕಿ. ಮಾತ್ರೆಯ ಮತ್ತಿಗೆ ತೂಕಡಿಸುತ್ತೇನೆ. "ನೋಡು ಲೋರ್ನಾ, ನರ ಸಡಿಲ ಆಗ್ತಿದೆ" ಅನ್ನುತ್ತಾರೆ. ಅಜ್ಜಿ ಹೋದಮೇಲೆ ಹೀಗೆ ನಕ್ಕಿದ್ದೇ ಇಲ್ಲ. ಹೇಳಿಬಿಡಬೇಕು. ಒಂದು ವಾರ ನಗಲಿ, ಆಮೇಲೆ...

ಸೆಪ್ಟೆಂಬರ್ 5

ನನ್ನ ಮೂಗೀಗ ಸಾರ್ವಜನಿಕ ಸ್ಮಾರಕ. ಕಾಯುತ್ತಿದ್ದ ಪೇಷಂಟುಗಳ ಮುಂದೆ ನಿಲ್ಲಿಸಿ ತಾತ ಉಸಿರೆಳೆಯಲು ಹೇಳಿದರು. ಎಳೆದೆ. ಚಪ್ಪಾಳೆ. ಬಿಷಪ್ಪರಂತೆ ಕೈಯೆತ್ತಿ ಹರಸಿದೆ.

ಮಿಸೆಸ್ ಟೆಸ್ಕೆ ಮಾತ್ರ ತಟ್ಟಲಿಲ್ಲ. ನನ್ನ ಮೂಗನ್ನೇ ನೋಡುತ್ತಿದ್ದರು. ಮಗಳ ಹೆಸರು ಜೋಡಿ, ಏಳು ವರ್ಷ, ಆಸ್ತಮಾ. ಡಾಕ್ಟರು ಕೊಟ್ಟ, ಬಾಯಿಗೆ ಒತ್ತಿಕೊಳ್ಳುವ ಔಷಧಿ ಪಂಪು ಬಿಡಬೇಡಿ ಅಂತ ತಾತ ಎರಡು ಸಲ ಹೇಳಿದರು. ಆಕೆ ತಲೆಯಾಡಿಸಿ ನನ್ನತ್ತ ತಿರುಗಿದರು.

"ನೀನು ಏನೂ ತಗೊಳ್ಳಲ್ಲ ತಾನೆ?"

ತಾತ ನನ್ನನ್ನೇ ನೋಡುತ್ತಿದ್ದರು, ಹೆಮ್ಮೆಯಿಂದ.

"ಏನೂ ಇಲ್ಲ," ಅಂದೆ.

ಜೋಡಿ ಗವರ್ನರ ಕೈ ಕುಲುಕಿ ಹೋದಳು.

ಸೆಪ್ಟೆಂಬರ್ 11

ಇವತ್ತು ಮಿಸೆಸ್ ಟೆಸ್ಕೆ ಜೋಡಿಯನ್ನು ಮತ್ತೆ ಕರೆತಂದರು.

ಜೋಡಿ ಬೆಂಚಿನ ಮೇಲೆ ಕೂತಿದ್ದವಳು ಇದ್ದಕ್ಕಿದ್ದಂತೆ ಮುಂದಕ್ಕೆ ಬಾಗಿದಳು. ಸಿಳ್ಳೆಯಂಥ ಸದ್ದು. ಆಮೇಲೆ ಅದೂ ಇಲ್ಲ. ತುಟಿ ನೀಲಿ. ತಾತ ಪಂಪು ಕೇಳಿದರು. ಮನೆಯ ಡ್ರಾಯರಿನಲ್ಲಿತ್ತು, ಶುಕ್ರವಾರದಿಂದ.

"ನಿಮ್ಮ ಹುಡುಗಿಗೆ ಬೇಕಾಗ್ಲಿಲ್ವಲ್ಲ," ಅಂದರು ಮಿಸೆಸ್ ಟೆಸ್ಕೆ. ಕೂಗಲಿಲ್ಲ. ಸುಮ್ಮನೆ ಅಂದರು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಬರಲು ಒಂಬತ್ತು ನಿಮಿಷ. ಅಲ್ಲಿಯವರೆಗೂ ತಾತ ಮಗುವನ್ನು ನೆಟ್ಟಗೆ ಕೂರಿಸಿ ಹಿಡಿದಿದ್ದರು. ನಲವತ್ತು ವರ್ಷ ಬೆನ್ನು ಓದಿದ ಕೈ. ಆ ಪುಟ್ಟ ಬೆನ್ನಿನ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಅಲೆದಾಡುತ್ತಿತ್ತು. ನಾನು ಗವರ್ನರ ಪಕ್ಕ ನಿಂತಿದ್ದೆ. ಇಬ್ಬರಿಂದಲೂ ಅಷ್ಟೇ ಉಪಯೋಗ.

ಸೆಪ್ಟೆಂಬರ್ 12

ಜೋಡಿ ಉಳಿದಳು. ಇನ್ನೂ ಆಕ್ಸಿಜನ್ ಕೊಡುತ್ತಿದ್ದಾರಂತೆ.

ಗವರ್ನರ ತಲೆ ತೆರೆದು ಡಬ್ಬಿ ತಾತನ ಮುಂದಿಟ್ಟೆ. ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಡಬ್ಬಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು, ಗಿಲಕಿಯಂತೆ.

"ಒಂದು ದಿನಾನಾದ್ರೂ ಇದಿಲ್ದೆ ಇದ್ಯಾ, ಮರಿ?"

"ಇಲ್ಲ, ತಾತ."

"ಹಂಗಾದ್ರೆ ನನ್ನ ಕೈಯಿಂದ ಏನಾದ್ರೂ ಆಗ್ತಿತ್ತೋ ಇಲ್ವೋ... ನಿಂಗೂ ಗೊತ್ತಿಲ್ಲ."

ನನಗೂ ಗೊತ್ತಿಲ್ಲ.

ಸೆಪ್ಟೆಂಬರ್ 15. ಬೆಳಗ್ಗೆ 6

ಮೂರು ದಿನದಿಂದ ಮಾತ್ರೆ ಇಲ್ಲ. ಕ್ಲಿನಿಕ್ ತೆರೆದಿಲ್ಲ. ಕಿಟಕಿ ಮುಚ್ಚಿ ಒಳಗೇ ಇದ್ದೇನೆ. ತಾತ ಕೇಳಿದರು, ಒಂದೇ ಒಂದು ಸಲ, ನಿಜವಾಗಿ ನೋಡೋಣ ಅಂತ. ಮಲಗಿದೆ. ಲಟಕ್. ಆಮೇಲೆ ತಾವೇ ಎದ್ದು ಹೋಗಿ ಪರಾಗ ಒಳಗೆ ಬರಲಿ ಅಂತ ನದಿಯ ಕಡೆಯ ಕಿಟಕಿಗಳನ್ನೆಲ್ಲ ತೆರೆದರು.

7.10

ಎದುರಿಗೆ ಕೂತಿದ್ದಾರೆ. ಮಡಿಸಿದ ಕರವಸ್ತ್ರ ತೊಡೆಯ ಮೇಲೆ, ನನಗಾಗಿ. ದೇವರನ್ನು ಏನು ಬೇಡಲಿ? ಮೂಗು ಕಟ್ಟದಿದ್ದರೆ ನಾಳೆ ಇನ್ನೊಬ್ಬಳು ಜೋಡಿ ಬರುತ್ತಾಳೆ. ಕಟ್ಟಿದರೆ, ಈ ಮನುಷ್ಯ ನಾಳೆ ಯಾಕಾದರೂ ಏಳಬೇಕು? ಗವರ್ನರಿಂದ ಸಲಹೆ ಬಂದಿಲ್ಲ.

7.40

ಎಡ ಹೊಳ್ಳೆಯೊಳಗೆ ಏನೋ ಹರಿದಂತೆ. ಸೀನಲ್ಲ. ಸೀನಲ್ಲ ಅಂತ ಬರೆಯುತ್ತಿದ್ದೇನೆ. ತಾತ ಕರವಸ್ತ್ರದ ಮೇಲೆ ಕೈಯಿಟ್ಟರು. ನಾನು ಉಸಿರು ಬಿಗಿಹಿಡಿದು —